ಹಳೆಯ ಸ್ಕಾಟಿಷ್ ದಸ್ತಾವೇಜುಗಳ ಕೈಬರಹವನ್ನು ಓದಲು ಕಲಿಯುವ ಬಗೆ

ಸ್ಕಾಟ್ಲೆಂಡಿನ 16 ಅಥವಾ 17ನೆಯ ಶತಮಾನದ ಒಂದು ಉಯಿಲನ್ನೋ, ಜಮೀನಿನ ಪತ್ರವನ್ನೋ, ಚರ್ಚಿನ ನಡಾವಳಿ ಪುಸ್ತಕವನ್ನೋ ಮೊದಲ ಬಾರಿ ತೆರೆದವರಿಗೆ ಅದು ತಮಗೆ ಗೊತ್ತಿರುವ ರೋಮನ್ ಲಿಪಿಯೇ ಎಂದು ನಂಬುವುದು ಕಷ್ಟವಾಗುತ್ತದೆ. ಅಕ್ಷರಗಳ ಆಕಾರ ಬೇರೆ, ಕಾಗುಣಿತ ಬೇರೆ, ಅರ್ಧಕ್ಕೆ ನಿಲ್ಲಿಸಿದ ಪದಗಳು ಸಾಲು ಸಾಲಿಗೂ ಎದುರಾಗುತ್ತವೆ, ಭಾಷೆಯೂ ಇಂದಿನ ಇಂಗ್ಲಿಷ್ ಅಲ್ಲ, ಅಂದಿನ ಸ್ಕಾಟ್ಸ್. ಆದರೂ ಇದು ಪಂಡಿತರಿಗಷ್ಟೇ ಒಲಿಯುವ ವಿದ್ಯೆಯಲ್ಲ. ವಂಶವೃಕ್ಷ ಹುಡುಕುವವರು, ಊರಿನ ಇತಿಹಾಸ ಬರೆಯುವವರು, ಕೇವಲ ಆಸಕ್ತಿಯಿಂದ ಬಂದವರು, ಎಲ್ಲರೂ ಕ್ರಮವಾಗಿ ಅಭ್ಯಾಸ ಮಾಡಿದರೆ ಇದನ್ನು ದಕ್ಕಿಸಿಕೊಳ್ಳಬಹುದು. ಒಂದು ಶಿಸ್ತನ್ನು ಮಾತ್ರ ಮೊದಲ ದಿನದಿಂದಲೇ ಪಾಲಿಸಬೇಕು: ಪದವನ್ನು ಊಹಿಸಿ ಅಕ್ಷರಗಳನ್ನು ಅದಕ್ಕೆ ಹೊಂದಿಸಬಾರದು, ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿ ಪದಕ್ಕೆ ಬರಬೇಕು. ಊಹೆಯಿಂದ ಹುಟ್ಟಿದ ತಪ್ಪು ಓದು ಒಮ್ಮೆ ಮನಸ್ಸಿನಲ್ಲಿ ಕೂತರೆ, ಕಣ್ಣು ಆಮೇಲೆ ಅದನ್ನೇ ಕಾಣುತ್ತದೆ.

ಎಲ್ಲಿಂದ ಆರಂಭಿಸಬೇಕು

ಹೊಸ ಕಾಲದಿಂದ ಹಳೆಯ ಕಾಲಕ್ಕೆ ಹಿಮ್ಮುಖವಾಗಿ ನಡೆಯುವುದೇ ಸುಲಭದ ದಾರಿ. ಸ್ಕಾಟ್ಲೆಂಡಿನಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ 1855ರ ಜನವರಿ 1ರಂದು ಆರಂಭವಾಯಿತು. ಆ ದಾಖಲೆಗಳ ಕೈಬರಹವನ್ನು ಯಾರಾದರೂ ಓದಬಹುದು. ಅದಕ್ಕೂ ಹಿಂದಿನದಕ್ಕೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಚರ್ಚುಗಳ ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರದ ಪುಸ್ತಕಗಳಿವೆ. ಅವುಗಳಲ್ಲಿ ಅತ್ಯಂತ ಹಳೆಯದು ಪರ್ತ್‌ಶೈರ್‌ನ ಎರೋಲ್ ಪ್ಯಾರಿಷ್‌ನದು, 1553ರಿಂದ ಆರಂಭವಾಗುವಂಥದ್ದು. 18ನೆಯ ಶತಮಾನದ ಪ್ಯಾರಿಷ್ ಪುಸ್ತಕದ ಕೆಲವು ಪುಟಗಳನ್ನು ತಡವರಿಸದೆ ಓದಲು ಬಂದ ಮೇಲೆ 17ನೆಯ ಶತಮಾನದ ಕೊನೆಗೆ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗಬೇಕು. ಹೀಗೆ ಹೋಗುವಾಗ ಬರಹದ ಶೈಲಿ ಬದಲಾಗುವುದು ಕಣ್ಣಿಗೇ ಕಾಣುತ್ತದೆ. 16ನೆಯ ಶತಮಾನದಲ್ಲಿ ಮತ್ತು 17ನೆಯ ಶತಮಾನದ ಬಹುಭಾಗದಲ್ಲಿ ಕಚೇರಿಗಳಲ್ಲಿ ಚಾಲ್ತಿಯಲ್ಲಿದ್ದದ್ದು ಸೆಕ್ರೆಟರಿ ಶೈಲಿ. ಇಟಾಲಿಕ್ ಶೈಲಿಯ ಅಕ್ಷರಗಳು ಅದರೊಳಕ್ಕೆ ಮೆಲ್ಲನೆ ನುಸುಳಿ, 17ನೆಯ ಶತಮಾನದ ಕೊನೆಯ ಹೊತ್ತಿಗೆ ಎರಡೂ ಬೆರೆತ ಬರಹ ಸಾಮಾನ್ಯವಾಯಿತು. 18ನೆಯ ಶತಮಾನದಲ್ಲಿ ಇಂದಿನ ಕೂಡುಬರಹಕ್ಕೆ ಹತ್ತಿರವಾದ ದುಂಡು ಶೈಲಿ ನೆಲೆಯೂರಿತು.

ಮೂಲ ದಾಖಲೆಗಳು ಎಡಿನ್‌ಬರೋದಲ್ಲಿರುವ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ಸಂಸ್ಥೆಯ ಸುಪರ್ದಿಯಲ್ಲಿವೆ. ಪ್ಯಾರಿಷ್ ಪುಸ್ತಕಗಳು, ಉಯಿಲುಗಳು ಮತ್ತು ಚರ್ಚಿನ ನಡಾವಳಿಗಳ ಚಿತ್ರಗಳನ್ನು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿ ನೋಡಬಹುದು. ಇನ್ನೊಂದು ಸಾಧನವನ್ನಂತೂ ಕೈಬಿಡಲೇಬಾರದು: ಡಿಕ್ಷನರಿ ಆಫ್ ದ ಸ್ಕಾಟ್ಸ್ ಲ್ಯಾಂಗ್ವೇಜ್ ಎಂಬ ಉಚಿತ ಆನ್‌ಲೈನ್ ನಿಘಂಟು. 1700ರವರೆಗಿನ ಹಳೆಯ ಸ್ಕಾಟ್ಸ್ ಭಾಷೆಯ ಬೃಹತ್ ನಿಘಂಟು ಅದರಲ್ಲಿ ಅಡಕವಾಗಿದೆ, ಮತ್ತು ಒಂದೊಂದು ಪದಕ್ಕೂ ಬಳಕೆಯಲ್ಲಿದ್ದ ಹಲವು ಕಾಗುಣಿತಗಳನ್ನು ಅದು ಪಟ್ಟಿಮಾಡುತ್ತದೆ. ಹೀಗಾಗಿ ತಾವು ಓದಿದ ಅಕ್ಷರಗಳ ಸರಣಿ ನಿಜಕ್ಕೂ ಒಂದು ಪದವೇ ಎಂಬುದನ್ನು ಅಲ್ಲಿ ತಾಳೆನೋಡಬಹುದು.

ಅಕ್ಷರಗಳ ಪರಿಚಯ

ಸೆಕ್ರೆಟರಿ ಶೈಲಿಯ ಎಲ್ಲ ಅಕ್ಷರಗಳೂ ಅಪರಿಚಿತವಲ್ಲ. ಎ, ಬಿ, ಐ, ಎಲ್, ಓ ಮುಂತಾದವು ಒಂದೆರಡು ಸಾಲಿನಲ್ಲೇ ಪರಿಚಯವಾಗುತ್ತವೆ. ತೊಡಕು ಕೊಡುವ ಅಕ್ಷರಗಳು ಕೆಲವೇ, ಆದರೆ ಅವು ಅತಿ ಹೆಚ್ಚು ಬಳಕೆಯಾಗುವಂಥವು. ಇ ಅಕ್ಷರವನ್ನು ಎರಡು ಗೀಟುಗಳಲ್ಲಿ, ಹಲವು ವೇಳೆ ಬೆನ್ನು ತಿರುಗಿಸಿದಂತೆ ಬರೆಯುತ್ತಿದ್ದರು; ಅವಸರದ ಬರಹದಲ್ಲಿ ಅದು ಓ ಅಥವಾ ಡಿ ಎಂದು ಭ್ರಮೆ ಹುಟ್ಟಿಸುತ್ತದೆ. ಸಿ ಅಕ್ಷರವು ಒಂದು ಗಿಡ್ಡ ನೆಟ್ಟ ಗೀಟು ಮತ್ತು ಅದರ ತಲೆಯಿಂದ ಬಲಕ್ಕೆ ಹೊರಟ ಅಡ್ಡಗೀಟು, ಅಂದರೆ ಇಂದಿನ ಆರ್‌ನ ಹಾಗೆ ಕಾಣುತ್ತದೆ. ಟಿ ಅಕ್ಷರವೂ ಹೆಚ್ಚುಕಡಿಮೆ ಹಾಗೆಯೇ ಇದ್ದು, ನೆಟ್ಟ ಗೀಟು ಅಡ್ಡಗೀಟನ್ನು ದಾಟಿ ಒಂದಿಷ್ಟು ಮೇಲೆ ಇಣುಕುತ್ತದೆ. ಆ ಇಣುಕನ್ನು ಗಮನಿಸಿದರೆ ಮಾತ್ರ ಸಿ ಮತ್ತು ಟಿ ಬೇರೆಯಾಗುತ್ತವೆ. ಎಚ್ ಅಕ್ಷರದ ಬಾಲ ಸಾಲಿನ ಕೆಳಗೆ ಎಡಕ್ಕೆ ಬಳುಕುತ್ತದೆ, ಕೆಲವರ ಕೈಯಲ್ಲಿ ಮೇಲಿನ ಭಾಗ ಸವೆದು ಬಾಲವಷ್ಟೇ ಉಳಿದಿರುತ್ತದೆ. ಪಿ ಅಕ್ಷರ ಇಂದಿನ ಎಕ್ಸ್‌ನಂತೆ, ಪದದ ಆರಂಭದ ವಿ ಅಕ್ಷರ ಬಿಯಂತೆ ಕಾಣುವುದುಂಟು. ಆರ್ ಅಕ್ಷರಕ್ಕೆ ಒಂದೇ ಪುಟದಲ್ಲಿ ಎರಡು ಮೂರು ರೂಪಗಳಿರಬಹುದು. ಓ ಅಕ್ಷರದ ನಂತರ ಬರುವಾಗ ಅದು 2ರ ಅಂಕಿಯಂತಿರುತ್ತದೆ. ಎಸ್ ಅಕ್ಷರವು ಪದದ ಆರಂಭದಲ್ಲಿ ಮತ್ತು ನಡುವೆ ಉದ್ದವಾಗಿ ಎಫ್‌ನ ಹಾಗೆ ನಿಲ್ಲುತ್ತದೆ, ಕೊನೆಯಲ್ಲಿ ಮಾತ್ರ ಸುರುಳಿಯಾಗುತ್ತದೆ. ಎಫ್‌ಗೆ ನಡುವೆ ಅಡ್ಡಗೀಟಿರುತ್ತದೆ, ಉದ್ದನೆಯ ಎಸ್‌ಗೆ ಅದು ಇರುವುದಿಲ್ಲ. ಪದದ ಮೊದಲಲ್ಲಿ ಎರಡು ಎಫ್ ಒಟ್ಟಿಗೆ ಕಂಡರೆ ಅದನ್ನು ಒಂದು ದೊಡ್ಡಕ್ಷರವೆಂದು ತಿಳಿಯಬೇಕು.

ಇವೆಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಗಿಡ್ಡ ನೆಟ್ಟ ಗೀಟುಗಳಿಂದಲೇ ಆದ ಐ, ಯು, ಎನ್ ಮತ್ತು ಎಮ್. ಐಗೆ ಒಂದು ಗೀಟು, ಯು ಮತ್ತು ಎನ್‌ಗೆ ಎರಡೆರಡು, ಎಮ್‌ಗೆ ಮೂರು. ಲೆಕ್ಕದ ಮೊತ್ತವನ್ನು ಸೂಚಿಸುವ ‘ಸುಮ್ಮ’ ಎಂಬ ಪದವನ್ನು ನೋಡಿ: ಮೊದಲಿಗೆ ಉದ್ದನೆಯ ಎಸ್, ಆಮೇಲೆ ಒಂದು ಯು, ಎರಡು ಎಮ್, ಕೊನೆಗೆ ಎ. ಅಂದರೆ ಎಸ್ ಮತ್ತು ಎ ಅಕ್ಷರಗಳ ನಡುವೆ ಒಂದೇ ತೆರನಾದ ಎಂಟು ಗೀಟುಗಳು ಬೇಲಿಯಂತೆ ನಿಂತಿರುತ್ತವೆ. ಇಂಥ ಕಡೆ ಕಣ್ಣಂದಾಜು ನಡೆಯುವುದಿಲ್ಲ. ಪೆನ್ಸಿಲಿನ ತುದಿಯಿಂದ ಗೀಟುಗಳನ್ನು ಎಣಿಸಬೇಕು. ಎಣಿಸಿದಾಗ ಎಂಟರ ಬದಲು ಐದೇ ಸಿಕ್ಕಿ, ಅವುಗಳ ಮೇಲೆ ಒಂದು ಅಡ್ಡಗೆರೆ ಕಂಡರೆ ಲಿಪಿಕಾರ ಒಂದು ಎಮ್ ಬಿಟ್ಟಿದ್ದಾನೆ ಎಂದರ್ಥ. ಎಮ್ ಅಥವಾ ಎನ್ ಬಿಟ್ಟ ಕಡೆ ಮೇಲೆ ಗೆರೆ ಎಳೆಯುವುದು ಅಂದಿನ ರೂಢಿ.

ಇನ್ನೆರಡು ಅಕ್ಷರಗಳು ಇಂದಿನ ವರ್ಣಮಾಲೆಯಲ್ಲಿಲ್ಲ. ಒಂದು ಥಾರ್ನ್, ‘ದ’ ಧ್ವನಿಯ ಟಿ-ಎಚ್ ಜೋಡಿಗೆ ಬದಲಾಗಿ ಬರುತ್ತಿದ್ದ ಅಕ್ಷರ. ಈ ಕಾಲದ ಸ್ಕಾಟಿಷ್ ಬರಹದಲ್ಲಿ ಅದರ ಆಕಾರ ವೈ ಅಕ್ಷರದಿಂದ ಬೇರ್ಪಡಿಸಲಾಗದಷ್ಟು ಒಂದಾಗಿಬಿಟ್ಟಿದೆ. ಆದ್ದರಿಂದ ವೈ-ಇ ಎಂದು ಕಾಣುವುದನ್ನು ‘ದ’ ಎಂದು, ವೈ-ಎ-ಟಿ ಎಂದು ಕಾಣುವುದನ್ನು ‘ದ್ಯಾಟ್’ ಎಂದು ಓದಬೇಕು. ಇನ್ನೊಂದು ಯಾಗ್, ‘ಯ’ ಧ್ವನಿಯ ಅಕ್ಷರ. ಅದು ಝೆಡ್‌ನ ಆಕಾರ ತಳೆದು, ಬಾಲವನ್ನು ಸಾಲಿನ ಕೆಳಗೆ ಇಳಿಬಿಟ್ಟಿರುತ್ತದೆ. ಝೆಡ್-ಇ-ಐ-ಆರ್ ಎಂದು ಕಂಡರೆ ಅದು ‘ಯಿಯರ್’, ಅಂದರೆ ವರ್ಷ. ಮೆನ್ಜೀಸ್ ಎಂದು ಬರೆಯುವ ಮನೆತನದ ಹೆಸರನ್ನು ಸ್ಕಾಟರು ‘ಮಿಂಗಿಸ್’ ಎಂದೂ, ಡಾಲ್‌ಜೀಲ್ ಎಂದು ಬರೆಯುವುದನ್ನು ‘ಡೀಯೆಲ್’ ಎಂದೂ ಉಚ್ಚರಿಸುವುದಕ್ಕೆ ಕಾರಣ ಇದೇ: ಮುದ್ರಣದಲ್ಲಿ ಯಾಗ್‌ನ ಜಾಗಕ್ಕೆ ಝೆಡ್ ಬಂದು ಕೂತಿತು, ಉಚ್ಚಾರಣೆ ಮಾತ್ರ ಹಳೆಯ ಜಾಡಿನಲ್ಲೇ ಉಳಿಯಿತು.

ಅಕ್ಷರಗಳನ್ನು ಕೇವಲ ನೋಡಿ ಕಲಿಯುವುದಕ್ಕಿಂತ ಬರೆದು ಕಲಿಯುವುದು ಬಹಳ ಫಲಕಾರಿ. ಅಗಲ ಮೊನೆಯ ಲೇಖನಿ ಹಿಡಿದು, ಮೂಲದಲ್ಲಿ ಗೀಟು ಎಲ್ಲಿ ದಪ್ಪವಾಗಿದೆ, ಎಲ್ಲಿ ತೆಳುವಾಗಿದೆ ಎಂಬುದನ್ನು ನೋಡುತ್ತ ಅದೇ ಅಕ್ಷರವನ್ನು ಹತ್ತಾರು ಸಲ ಬರೆದರೆ, ಲೇಖನಿ ಯಾವ ದಿಕ್ಕಿನಿಂದ ಹೊರಟು ಎಲ್ಲಿ ಎದ್ದಿತು ಎಂಬುದು ಕೈಗೆ ತಿಳಿಯುತ್ತದೆ. ಹಾಗೆಯೇ ಪ್ರತಿಯೊಂದು ಹೊಸ ದಾಖಲೆಗೂ ಒಂದು ಅಕ್ಷರಪಟ್ಟಿ ಮಾಡಿಕೊಳ್ಳಬೇಕು. ತಿಂಗಳಿನ ಹೆಸರು, ಜೇಮ್ಸ್, ಜಾನ್, ಮಾರ್ಗರೆಟ್ ಮೊದಲಾದ ಹೆಸರುಗಳಂಥ ಸಂಶಯವಿಲ್ಲದ ಪದಗಳಿಂದ ಆ ಲಿಪಿಕಾರನ ಅಕ್ಷರರೂಪಗಳನ್ನು ಎತ್ತಿ ಹಾಳೆಯ ಮೇಲೆ ಬರೆದಿಟ್ಟುಕೊಂಡು, ಮುಂದೆ ಸಂಶಯ ಬಂದ ಕಡೆಯೆಲ್ಲ ಆ ಪಟ್ಟಿಗೇ ಮೊರೆಹೋಗಬೇಕು. ಮುದ್ರಿತ ಮಾದರಿ ಪಟ್ಟಿಗಳು ಆರಂಭಕ್ಕೆ ನೆರವಾಗುತ್ತವೆ ನಿಜ, ಆದರೆ ಅದೇ ಲಿಪಿಕಾರ ಬರೆದದ್ದಕ್ಕಿಂತ ದೊಡ್ಡ ಸಾಕ್ಷಿ ಬೇರೊಂದಿಲ್ಲ.

ಕಾಗುಣಿತ ಮತ್ತು ಸಂಕ್ಷೇಪ

ಅಂದಿನ ಸ್ಕಾಟ್ಸ್‌ಗೆ ಸ್ಥಿರವಾದ ಕಾಗುಣಿತವಿರಲಿಲ್ಲ. ಒಬ್ಬನೇ ವ್ಯಕ್ತಿಯ ಹೆಸರು ಒಂದೇ ಪುಟದಲ್ಲಿ ಎರಡು ಬಗೆಯಾಗಿ ಬಂದರೆ ಅಚ್ಚರಿಪಡಬೇಕಿಲ್ಲ. ಆದರೆ ಕೆಲವು ಒಲವುಗಳು ಸ್ಪಷ್ಟವಾಗಿವೆ. ಇಂಗ್ಲಿಷಿನಲ್ಲಿ ಡಬ್ಲ್ಯೂ-ಎಚ್‌ನಿಂದ ಆರಂಭವಾಗುವ ಪದಗಳು ಇಲ್ಲಿ ಕ್ಯೂ-ಯು-ಎಚ್‌ನಿಂದ ಆರಂಭವಾಗುತ್ತವೆ: ‘ಯಾರು’ ಎಂಬುದಕ್ಕೆ ಕ್ವಾ, ‘ಯಾವುದು’ ಎಂಬುದಕ್ಕೆ ಕ್ವಿಲ್ಕ್, ‘ಎಲ್ಲಿ’ ಎಂಬುದಕ್ಕೆ ಕ್ವೇರ್. ಭೂತಕಾಲದ ರೂಪಗಳು ಇ-ಡಿಯ ಬದಲು ಐ-ಟಿಯಿಂದ, ಬಹುವಚನಗಳು ಐ-ಎಸ್‌ನಿಂದ ಮುಗಿಯುತ್ತವೆ. ಯು, ವಿ ಮತ್ತು ಡಬ್ಲ್ಯೂ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಐ ಮತ್ತು ಜೆ ಕೂಡ ಹಾಗೆಯೇ. ಅರ್ಥವಾಗದ ಪದವನ್ನು ಬಾಯಿಬಿಟ್ಟು, ಎರಡು ಮೂರು ಸಲ ಓದಿನೋಡಿ. ಕಣ್ಣಿಗೆ ಅಪರಿಚಿತವಾದದ್ದು ಎಷ್ಟೋ ಸಲ ಕಿವಿಗೆ ಪರಿಚಿತವಾಗಿರುತ್ತದೆ.

ಸಂಕ್ಷೇಪಗಳಲ್ಲಿ ಹೆಚ್ಚಿನವು ಪದದ ಮೊದಲ ಅಕ್ಷರವನ್ನು ಸಾಲಿನಲ್ಲೂ ಕೊನೆಯ ಅಕ್ಷರವನ್ನು ಪುಟ್ಟದಾಗಿ ತಲೆಯ ಮೇಲೂ ಬರೆದಂಥವು. ಡಬ್ಲ್ಯೂ ಮೇಲೆ ಟಿ ಇದ್ದರೆ ‘ವಿತ್’, ವೈ ಮೇಲೆ ಟಿ ಇದ್ದರೆ ‘ದ್ಯಾಟ್’, ಕ್ಯೂ ಪಕ್ಕದಲ್ಲಿ ಮೇಲೆ ಎಲ್-ಕೆ ಇದ್ದರೆ ‘ಕ್ವಿಲ್ಕ್’. ಪಿ ಅಕ್ಷರದ ಬಾಲಕ್ಕೆ ಅಡ್ಡಗೀಟು ಬಿದ್ದಿದ್ದರೆ ಅದು ‘ಪರ್’ ಅಥವಾ ‘ಪಾರ್’, ಬಾಲದಿಂದ ಎಡಕ್ಕೆ ಕುಣಿಕೆ ಸುತ್ತಿದ್ದರೆ ‘ಪ್ರೊ’. ಪದದ ಕೊನೆಯಲ್ಲಿ ಕೆಳಗಿಳಿದ ಪುಟ್ಟ ಕುಣಿಕೆಯನ್ನು ಸ್ಕಾಟ್ಸ್ ದಾಖಲೆಗಳಲ್ಲಿ ಸಾಮಾನ್ಯವಾಗಿ ಐ-ಎಸ್ ಎಂದು ಬಿಡಿಸುತ್ತಾರೆ. ಈ ಗುರುತುಗಳು ಕೆಲವೇ ಡಜನ್‌ನಷ್ಟು. ಒಂದು ವಾರದ ಓದಿನಲ್ಲಿ ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ.

ಒಂದು ಉಯಿಲಿನ ಜೊತೆ

ಅಭ್ಯಾಸಕ್ಕೆ ನಾನು ಎಲ್ಲಕ್ಕಿಂತ ಮೊದಲು ಸೂಚಿಸುವುದು ಸತ್ತವರ ಆಸ್ತಿಯ ವಿಚಾರ ನೋಡುತ್ತಿದ್ದ ಕಮಿಸರಿ ನ್ಯಾಯಾಲಯಗಳಲ್ಲಿ ದಾಖಲಾದ, ಆಸ್ತಿಪಟ್ಟಿಯನ್ನೂ ಕೆಲವು ಸಲ ಉಯಿಲನ್ನೂ ಒಳಗೊಂಡ ಟೆಸ್ಟಮೆಂಟ್‌ಗಳನ್ನು. ಅವುಗಳ ಒಕ್ಕಣೆ ಸಿದ್ಧಮಾದರಿಯದು, ಆದ್ದರಿಂದ ಒಂದನ್ನು ಬಿಡಿಸಿದರೆ ಮುಂದಿನದರ ಅರ್ಧ ಆಗಲೇ ಓದಿದಂತಾಗುತ್ತದೆ. ಆರಂಭದ ವಾಕ್ಯ ಹೆಚ್ಚುಕಡಿಮೆ ಹೀಗಿರುತ್ತದೆ: ದಿವಂಗತರಾದ ಇಂಥವರಿಗೆ ಅವರ ಮರಣಕಾಲದಲ್ಲಿ ಸೇರಿದ್ದ ಸರಕು, ಸಾಮಾನು, ಹಣದ ಮೊತ್ತ ಮತ್ತು ಸಾಲಗಳ ಟೆಸ್ಟಮೆಂಟ್ ಹಾಗೂ ಪಟ್ಟಿ, ಇಂಥ ತಿಂಗಳಲ್ಲಿ, ದೇವರ ಇಂಥ ವರ್ಷದಲ್ಲಿ ತೀರಿಕೊಂಡವರು, ಇಂಥವರಿಂದ ನಿಷ್ಠೆಯಿಂದ ಸಿದ್ಧಪಡಿಸಿ ಸಲ್ಲಿಸಲ್ಪಟ್ಟದ್ದು. ‘ದಿವಂಗತ’ ಎಂಬ ಜಾಗದಲ್ಲಿ ‘ಉಮ್‌ಕ್ವೈಲ್’ ಎಂಬ ಪದ, ಬಹಳ ಸಲ ಸಂಕ್ಷೇಪವಾಗಿ, ಬರುತ್ತದೆ. ಅದರ ಬೆನ್ನಿಗೇ ಸತ್ತವರ ಹೆಸರಿರುತ್ತದೆ. ‘ಟೆಸ್ಟಮೆಂಟ್ ಡೇಟಿವ್’ ಎಂದಿದ್ದರೆ ನಿರ್ವಾಹಕನನ್ನು, ಅಂದರೆ ಸತ್ತವರ ಆಸ್ತಿಯನ್ನು ವಿಲೇವಾರಿ ಮಾಡುವವನನ್ನು, ನ್ಯಾಯಾಲಯ ನೇಮಿಸಿದೆ. ‘ಟೆಸ್ಟಮೆಂಟ್ ಟೆಸ್ಟಮೆಂಟರ್’ ಎಂದಿದ್ದರೆ ಸತ್ತವರೇ ನೇಮಿಸಿದ್ದರು, ಮತ್ತು ಅವರ ಕೊನೆಯ ಇಚ್ಛೆಯ ಮಾತುಗಳು ಮುಂದೆ ಸಿಗುವ ಸಂಭವವಿದೆ. ಇವುಗಳಲ್ಲಿ ಜಮೀನಿನ ಹಂಚಿಕೆಯನ್ನು ಹುಡುಕಬಾರದು. ಸ್ಥಿರಾಸ್ತಿಯನ್ನು ಉಯಿಲಿನ ಮೂಲಕ ಕೊಡಲು ಸ್ಕಾಟಿಷ್ ಕಾನೂನು 1868ರವರೆಗೆ ಅವಕಾಶ ಕೊಟ್ಟಿರಲಿಲ್ಲ.

ವರ್ಷವನ್ನು ಬರೆದಿರುವ ಕ್ರಮದಲ್ಲಿ ಹೊಸಬರು ತಪ್ಪದೆ ಮುಗ್ಗರಿಸುತ್ತಾರೆ. ಜೆ-ಎ-ಜೆ ಎಂಬ ಅರ್ಥವಿಲ್ಲದ ಮೂರು ಅಕ್ಷರಗಳು, ಆಮೇಲೆ ವಿ-ಜೆ, ಅದರ ತಲೆಯ ಮೇಲೊಂದು ಪುಟ್ಟ ಸಿ, ಕೊನೆಗೆ ‘ಫೋರ್ಟಿ ಸೆವಿನ್’ ಎಂಬ ಪದಗಳು ಕಂಡವೆಂದುಕೊಳ್ಳಿ. ಮೊದಲನೆಯದು ಮೂಲದಲ್ಲಿ ಒಂದು ಎಂಬ ಅರ್ಥದ ಜೆ ಮತ್ತು ಸಾವಿರ ಎಂಬ ಅರ್ಥದ ಎಮ್. ಅವಸರದ ಬರಹದಲ್ಲಿ ಎಮ್‌ನ ಗೀಟುಗಳು ರೂಪಗೆಟ್ಟು, ಕೊನೆಗೆ ಆ ರೂಪಗೆಟ್ಟದ್ದೇ ಸಂಪ್ರದಾಯವಾಯಿತು. ರೋಮನ್ ಅಂಕಿಯ ಕೊನೆಯ ಐಯನ್ನು ಜೆ ಎಂದು ಬಾಲಬಿಟ್ಟು ಬರೆಯುವುದು ವಾಡಿಕೆಯಾದ್ದರಿಂದ ವಿ-ಜೆ ಎಂದರೆ ಆರು, ಮೇಲಿನ ಸಿ ಎಂದರೆ ನೂರು. ಅಲ್ಲಿಗೆ ವರ್ಷ 1647. ಇದೇ ರೀತಿ ಅಂಕಿಯ ತಲೆಯ ಮೇಲೆ ಎರಡು ಎಕ್ಸ್ ಇದ್ದರೆ ಇಪ್ಪತ್ತರಿಂದ ಗುಣಿಸಬೇಕು. ನಾಲ್ಕರ ಮೇಲೆ ಎರಡು ಎಕ್ಸ್ ಎಂದರೆ 80.

ತಾರೀಖಿನಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಸ್ಕಾಟ್ಲೆಂಡಿನಲ್ಲಿ 1600ರವರೆಗೆ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ರಂದು. 1600ರಿಂದ ಜನವರಿ 1ಕ್ಕೆ ಬದಲಾಯಿತು. ಆದ್ದರಿಂದ 1590ರ ಫೆಬ್ರವರಿ ಎಂದು ದಾಖಲಾಗಿದ್ದರೆ ಅದು ನಮ್ಮ ಎಣಿಕೆಯಲ್ಲಿ 1591ರ ಫೆಬ್ರವರಿ. ನಕಲಿನಲ್ಲಿ ಇದನ್ನು 1590/1 ಎಂದು ಬರೆದರೆ ಗೊಂದಲ ಉಳಿಯುವುದಿಲ್ಲ. ಇಂಗ್ಲೆಂಡು ಈ ಬದಲಾವಣೆಯನ್ನು 1752ರಲ್ಲಿ ಮಾಡಿಕೊಂಡದ್ದರಿಂದ, ಎರಡೂ ದೇಶಗಳ ಪತ್ರಗಳನ್ನು ಒಟ್ಟಿಗೆ ಓದುವವರು ಇದನ್ನು ಸದಾ ಲಕ್ಷ್ಯದಲ್ಲಿಡಬೇಕು.

ಇನ್ನು ಆಸ್ತಿಯ ಪಟ್ಟಿ. ಹಸು, ಎತ್ತು, ಕುರಿ, ಓಟ್ಸ್, ಬಾರ್ಲಿ, ಅವುಗಳ ಬೆಲೆ ಎಂದು ಸಾಗುವ ಈ ಭಾಗ ನೀರಸವೆಂದು ತೋರಬಹುದು, ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರುವಿಲ್ಲ, ಏಕೆಂದರೆ ಇಲ್ಲಿ ನಮ್ಮ ಓದು ಸರಿಯೋ ತಪ್ಪೋ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ನಿ. ಇವುಗಳ ಜೊತೆಗೆ ಮರ್ಕ್ ಎಂಬ ಮಾನವೂ ಬಳಕೆಯಲ್ಲಿತ್ತು. ಒಂದು ಮರ್ಕ್ ಎಂದರೆ 13 ಶಿಲ್ಲಿಂಗ್ 4 ಪೆನ್ನಿ, ಅಂದರೆ ಪೌಂಡಿನ ಮೂರನೆಯ ಎರಡು ಭಾಗ. ಜನ ಮರ್ಕ್‌ಗಳಲ್ಲಿ ಯೋಚಿಸುತ್ತಿದ್ದುದರಿಂದ ಪಟ್ಟಿಗಳಲ್ಲಿ 6 ಪೌಂಡ್ 13 ಶಿಲ್ಲಿಂಗ್ 4 ಪೆನ್ನಿ, ಅಂದರೆ 10 ಮರ್ಕ್, ಮತ್ತು 13 ಪೌಂಡ್ 6 ಶಿಲ್ಲಿಂಗ್ 8 ಪೆನ್ನಿ, ಅಂದರೆ 20 ಮರ್ಕ್, ಹೀಗೆ ವಿಚಿತ್ರವಾಗಿ ತೋರುವ ಮೊತ್ತಗಳು ಪದೇ ಪದೇ ಬರುತ್ತವೆ. ಮಸಿ ಅಳಿಸಿದ ಕಡೆ ಶಿಲ್ಲಿಂಗ್ 6 ಎಂದು ಖಚಿತವಾಗಿದ್ದು ಪೆನ್ನಿ ಮಸುಕಾಗಿದ್ದರೆ, ಅಲ್ಲಿ 8 ಇರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು. ಎಲ್ಲ ಬಾಬುಗಳನ್ನೂ ಕೂಡಿ, ಪಟ್ಟಿಯ ಕೆಳಗಿನ ‘ಸುಮ್ಮ’ದೊಡನೆ ಹೋಲಿಸಬೇಕು. ಸತ್ತವರಿಗೆ ಹೆಂಡತಿಯೂ ಮಕ್ಕಳೂ ಇದ್ದಲ್ಲಿ, ಸಾಲ ಕಳೆದು ಉಳಿದದ್ದನ್ನು ಮೂರು ಪಾಲು ಮಾಡಿ, ಹೆಂಡತಿಗೊಂದು, ಮಕ್ಕಳಿಗೊಂದು, ಸತ್ತವರ ಇಚ್ಛೆಯಂತೆ ವಿನಿಯೋಗಿಸಲು ಒಂದು ಎಂದು ಹಂಚುತ್ತಿದ್ದರು. ಆ ಪಾಲಿನ ಮೊತ್ತವನ್ನೂ ದಾಖಲೆಯಲ್ಲಿ ಬರೆದಿರುತ್ತಾರೆ. ಅದನ್ನು ಮೂರರಿಂದ ಗುಣಿಸಿದರೆ ಇನ್ನೊಂದು ತಾಳೆ ಸಿಕ್ಕಿತು. ಲಿಪಿಕಾರರೂ ಒಮ್ಮೊಮ್ಮೆ ಕೂಡುವುದರಲ್ಲಿ ತಪ್ಪಿದ್ದಾರೆ, ಆದರೆ ಲೆಕ್ಕ ಹೊಂದದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ನಮ್ಮ ಓದನ್ನೇ. ಈ ಪೌಂಡು ಸ್ಕಾಟ್ಸ್ ಪೌಂಡು ಎಂಬುದನ್ನೂ ಮರೆಯಬಾರದು. 1603ರ ಹೊತ್ತಿಗೆ 12 ಸ್ಕಾಟ್ಸ್ ಪೌಂಡು ಒಂದು ಇಂಗ್ಲಿಷ್ ಪೌಂಡಿಗೆ ಸಮವಾಗಿತ್ತು. ಧಾನ್ಯದ ಅಳತೆಯಲ್ಲಿ 4 ಪೆಕ್‌ಗೆ ಒಂದು ಫರ್ಲಾಟ್, 4 ಫರ್ಲಾಟ್‌ಗೆ ಒಂದು ಬೋಲ್.

ಚಿಕ್ಕ ಪದಗಳನ್ನು ಹಗುರವಾಗಿ ಕಾಣಬಾರದು. ವ್ಯಕ್ತಿಯ ಹೆಸರಿಗೂ ಊರಿನ ಹೆಸರಿಗೂ ನಡುವೆ ‘ಆಫ್’ ಎಂದಿದ್ದರೆ ಆತ ಆ ಜಮೀನಿನ ಒಡೆಯ. ‘ಇನ್’ ಎಂದಿದ್ದರೆ ಅಲ್ಲಿನ ಗೇಣಿದಾರ. ಎರಡಕ್ಷರದ ಈ ಪದವನ್ನು ತಪ್ಪಾಗಿ ಓದಿದರೆ ಒಂದು ಕುಟುಂಬದ ಇಡೀ ಸ್ಥಾನಮಾನವೇ ತಲೆಕೆಳಗಾಗುತ್ತದೆ. ಮದುವೆಯಾದ ಹೆಣ್ಣುಮಕ್ಕಳನ್ನು ಸ್ಕಾಟಿಷ್ ದಾಖಲೆಗಳು ತವರಿನ ಮನೆತನದ ಹೆಸರಿನಿಂದಲೇ ಗುರುತಿಸಿ, ಆಮೇಲೆ ಇಂಥವನ ಹೆಂಡತಿ ಅಥವಾ ‘ರೆಲಿಕ್ಟ್’, ಅಂದರೆ ವಿಧವೆ, ಎಂದು ಸೇರಿಸುತ್ತವೆ. ಗಂಡನ ಹೆಸರಿಗೂ ಹೆಂಡತಿಯ ಹೆಸರಿಗೂ ಹೊಂದಿಕೆಯಿಲ್ಲವೆಂದು ಓದನ್ನು ತಿದ್ದಹೊರಡುವುದು ಸಲ್ಲದು.

ನಕಲು ಮಾಡುವ ಕ್ರಮ

ಓದಿದ್ದನ್ನು ಮೂಲದ ಸಾಲಿಗೆ ಸಾಲಾಗಿ, ಸಾಲಿನ ಸಂಖ್ಯೆ ಹಾಕಿ ಬರೆಯಬೇಕು. ಕಾಗುಣಿತವನ್ನು ಇಂದಿನದಕ್ಕೆ ತಿದ್ದಬಾರದು, ದೊಡ್ಡಕ್ಷರ ಮತ್ತು ವಿರಾಮಚಿಹ್ನೆಗಳನ್ನು ಸೇರಿಸಬಾರದು. ಸಂಕ್ಷೇಪವನ್ನು ಬಿಡಿಸಿದಾಗ ನಾವು ಸೇರಿಸಿದ ಅಕ್ಷರಗಳನ್ನು ಚೌಕ ಕಂಸದಲ್ಲಿಡಬೇಕು. ಸಂಶಯವಿದ್ದ ಪದದ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಓದಲಾಗದ ಕಡೆ ಅಕ್ಷರಗಳಿಗೆ ತಕ್ಕಷ್ಟು ಚುಕ್ಕಿಗಳನ್ನು ಹಾಕಬೇಕು. ಸಿಕ್ಕಿಕೊಂಡ ಪದದ ಮುಂದೆ ಗಂಟೆಗಟ್ಟಲೆ ಕೂರದೆ ಜಾಗ ಬಿಟ್ಟು ಮುಂದೆ ಹೋಗಿ. ಅದೇ ಪದ ಕೆಳಗೆ ಇನ್ನೊಮ್ಮೆ, ಇನ್ನಷ್ಟು ಸ್ಪಷ್ಟವಾಗಿ ಬರುವುದು ಸಾಮಾನ್ಯ, ಮರುದಿನದ ಕಣ್ಣು ಹಿಂದಿನ ದಿನದ ಕಣ್ಣಿಗಿಂತ ಚುರುಕಾಗಿರುವುದೂ ಅಷ್ಟೇ ಸಾಮಾನ್ಯ. ಅಲಂಕಾರದ ದೊಡ್ಡಕ್ಷರಗಳಿಂದ ತುಂಬಿದ ಮೊದಲ ಸಾಲನ್ನು ಕೊನೆಗೆ ಇಟ್ಟುಕೊಂಡರೂ ಅಡ್ಡಿಯಿಲ್ಲ.

ಊರಿನ ಹೆಸರುಗಳಿಗೆ ಮಾತ್ರ ನಿಘಂಟು ಸಾಲದು, ನಕ್ಷೆ ಬೇಕು. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನ ಹಳೆಯ ನಕ್ಷೆಗಳನ್ನು ಜಾಲತಾಣದಲ್ಲಿ ಉಚಿತವಾಗಿ ತೆರೆದಿಟ್ಟಿದೆ: ತಿಮೊತಿ ಪಾಂಟ್ 16ನೆಯ ಶತಮಾನದ ಕೊನೆಯಲ್ಲಿ ಬರೆದ ಹಸ್ತಪ್ರತಿ ನಕ್ಷೆಗಳು, ಅವುಗಳನ್ನು ಬಹುಮಟ್ಟಿಗೆ ಆಧರಿಸಿ ಆಮ್‌ಸ್ಟರ್‌ಡ್ಯಾಮಿನ ಬ್ಲಾವ್ ಮುದ್ರಣಾಲಯ 1654ರಲ್ಲಿ ಹೊರತಂದ ಅಟ್ಲಾಸ್, 1747ರಿಂದ 1755ರವರೆಗೆ ವಿಲಿಯಂ ರಾಯ್ ನೇತೃತ್ವದಲ್ಲಿ ನಡೆದ ಮಿಲಿಟರಿ ಸರ್ವೆಯ ಹಾಳೆಗಳು. ದಾಖಲೆಯಲ್ಲಿ ಖಚಿತವಾಗಿ ಗೊತ್ತಾದ ಒಂದು ಪ್ಯಾರಿಷ್‌ನಿಂದ ಹೊರಟು, ಅದರ ಸುತ್ತಲಿನ ಹಳ್ಳಿ ಮತ್ತು ಒಕ್ಕಲುಗಳ ಹೆಸರುಗಳನ್ನು ಆ ನಕ್ಷೆಗಳಲ್ಲಿ ಒಂದೊಂದಾಗಿ ಓದುತ್ತ ಹೋದರೆ, ಗೀಟುಗಳ ಗೋಜಲಿನಂತಿದ್ದ ಹೆಸರಿಗೆ ಹೊಂದುವ ಊರು ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕ ಮೇಲೂ ನಕಲಿನಲ್ಲಿ ದಾಖಲೆಯ ಕಾಗುಣಿತವನ್ನೇ ಉಳಿಸಿ, ಇಂದಿನ ಹೆಸರನ್ನು ಅಂಚಿನಲ್ಲಿ ಬರೆದುಕೊಳ್ಳಬೇಕು.